ಪಂಚ್ ಔಟ್ ಆದ ಮೇಲಿನ ನಿಮಿಷಗಳು

ಅವಳಿಗೆ ಅದನ್ನು ಕಲಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹೇಳಬೇಕಾದ ಜಾಗದಲ್ಲಿ, ಹೇಳಬೇಕಾದ ದಿನ, ನಾನು ಹೇಳಲಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಮಾರಿಸ್‌ಟೌನಿನ ಹತ್ತಿರ ಒಂದು ನರ್ಸಿಂಗ್ ಹೋಮಿನಲ್ಲಿ ಏಳು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಸೊಂಟದ ಮೂಳೆ ಮುರಿದುಕೊಂಡ ವಯಸ್ಸಾದವರು ಆಸ್ಪತ್ರೆಯಿಂದ ಅಲ್ಲಿಗೆ ಬರುತ್ತಾರೆ. ಕೆಲವರು ನಡೆಯಲು ಕಲಿತು ಮನೆಗೆ ಹೋಗುತ್ತಾರೆ, ಕೆಲವರು ಸಾಯುವವರೆಗೂ ಅಲ್ಲೇ ಇರುತ್ತಾರೆ. ನಾನು ಕೆಲಸ ಮಾಡುವುದು ಅಲ್ಲಿ, ಆದರೆ ನನ್ನ ವೀಸಾ ಇರುವುದು ಮೆಟುಚೆನ್‌ನಲ್ಲಿರುವ ಒಂದು ಏಜೆನ್ಸಿಯ ಕೈಯಲ್ಲಿ. ಏಜೆನ್ಸಿ ನಮ್ಮನ್ನು ಊರಿನಿಂದ ಕರೆಸಿಕೊಳ್ಳುತ್ತದೆ, ಇಂಥ ನರ್ಸಿಂಗ್ ಹೋಮುಗಳಿಗೆ ಕಳಿಸುತ್ತದೆ. ಕೆಲಸ ಬಿಟ್ಟರೆ ವೀಸಾ ಬಿಟ್ಟಂತೆ. ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ ದಂಡ ಕಟ್ಟಬೇಕೆಂದು ಬರುವ ಮೊದಲೇ ಸಹಿ ಹಾಕಿಸಿಕೊಂಡಿರುತ್ತಾರೆ. ನನ್ನ ಮೂರು ವರ್ಷ ಎಂದೋ ಮುಗಿದಿತ್ತು. ಆದರೆ ನನ್ನ ಗ್ರೀನ್ ಕಾರ್ಡಿನ ಅರ್ಜಿಯೂ ಅದೇ ಏಜೆನ್ಸಿಯ ಮೂಲಕ ಸರದಿಯಲ್ಲಿ ನಿಂತಿದೆ. ನನ್ನ ಗಂಡನ ಇಲ್ಲಿನ ಇರವು ನನ್ನ ವೀಸಾದ ಮೇಲೆ, ಎಂಟನೆಯ ತರಗತಿಯ ಮಗಳದೂ ಹಾಗೆಯೇ. "ನಾಯಿ ನೀನು, ಬಾಲ ನಾವು" ಎಂದು ಗಂಡ ತಮಾಷೆ ಮಾಡುತ್ತಿದ್ದರು. ಆ ತಮಾಷೆಗೆ ಈಗ ನಮ್ಮ ಮನೆಯಲ್ಲಿ ಯಾರೂ ನಗುವುದಿಲ್ಲ.

ಅವಳು ಸೆಪ್ಟೆಂಬರ್‌ನಲ್ಲಿ ಬಂದಳು. ಹುಬ್ಬಳ್ಳಿಯವಳು, ಇಪ್ಪತ್ತೇಳು ವರ್ಷ. ಹಿಲ್ಸ್‌ಬರೋದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದಳು. ಡ್ರೈವಿಂಗ್ ಲೈಸೆನ್ಸ್ ಬರುವವರೆಗೆ ನನ್ನ ಕಾರಿನಲ್ಲೇ ಬರಲಿ ಎಂದು ಏಜೆನ್ಸಿಯವರು ಫೋನ್ ಮಾಡಿ ಹೇಳಿದರು. ಲೈಸೆನ್ಸ್ ಬಂದ ಮೇಲೂ ಅವಳು ನನ್ನ ಕಾರಿನಲ್ಲೇ ಬಂದಳು. ನನಗೂ ಅದು ಬೇಕಾಗಿತ್ತು. ಬೆಳಿಗ್ಗೆ 206ನೇ ರಸ್ತೆಯಲ್ಲಿ ಹೊರಟು 287ರ ಹೆದ್ದಾರಿ ಹಿಡಿದರೆ ನಲವತ್ತು ನಿಮಿಷ, ಟ್ರಾಫಿಕ್ ಇದ್ದರೆ ಒಂದು ಗಂಟೆ. ಅಷ್ಟೂ ಹೊತ್ತು ಅವಳು ಮಾತಾಡುತ್ತಿದ್ದಳು. ನನ್ನನ್ನು ಅಕ್ಕಾರ ಎನ್ನುತ್ತಿದ್ದಳು. ನನ್ನ ಮೈಸೂರು ಮಾತನ್ನು ಕೇಳಿ, "ಅಕ್ಕಾರ, ನೀವು ಬೈದ್ರೂ ಆರತಿ ಎತ್ತಿದಂಗ ಇರ್ತೈತ್ರಿ" ಎಂದಿದ್ದಳು ಒಮ್ಮೆ.

ಕಲಿಸಿದ್ದು ಅವಳು ಬಂದ ಎರಡನೆಯ ವಾರ. ಬುಧವಾರ.

ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರ್ ಇದೆ. ಬೆಳಿಗ್ಗೆ ಪಂಚ್ ಇನ್ ಮಾಡಿದಾಗಿನಿಂದ ಸಂಜೆ ಪಂಚ್ ಔಟ್ ಮಾಡುವವರೆಗಿನ ನಿಮಿಷಗಳಲ್ಲಿ ಎಷ್ಟು ನಿಮಿಷ ರೋಗಿಯ ಜೊತೆ ಕಳೆದೆವು ಎನ್ನುವ ನಂಬರ್. ನೂರಕ್ಕೆ ತೊಂಬತ್ತೆರಡು ಇರಬೇಕು. ಏಳೂವರೆ ಗಂಟೆಯ ದಿನದಲ್ಲಿ ಉಳಿಯುವುದು ಮೂವತ್ತಾರು ನಿಮಿಷ. ಆ ಮೂವತ್ತಾರು ನಿಮಿಷದಲ್ಲಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಡೆಯಬೇಕು, ಕೈ ತೊಳೆಯಬೇಕು, ವೀಲ್‌ಚೇರ್ ಹುಡುಕಬೇಕು, ಟಾಯ್ಲೆಟ್‌ಗೆ ಹೋಗಬೇಕು, ಪ್ರತಿ ರೋಗಿಯ ನೋಟ್ಸ್ ಬರೆಯಬೇಕು. ನೋಟ್ಸ್‌ಗೇ ಒಂದು ಗಂಟೆ ಬೇಕು. ಬೆಳಿಗ್ಗೆ ಎಲ್ಲರೂ ನಿಂತಿರುವಾಗ ಮ್ಯಾನೇಜರ್ ಹಿಂದಿನ ದಿನದ ನಂಬರುಗಳನ್ನು ಓದುತ್ತಾರೆ. ಇಲ್ಲಿನವರ ನಂಬರ್ ಬಿದ್ದರೆ ಅವರನ್ನು ಪಕ್ಕಕ್ಕೆ ಕರೆದು ಮಾತಾಡುತ್ತಾರೆ. ನಮ್ಮದು ಬಿದ್ದರೆ ಮೆಟುಚೆನ್‌ಗೆ ಇಮೇಲ್ ಹೋಗುತ್ತದೆ.

ಆ ಬುಧವಾರ ಅವಳ ನಂಬರ್ ಎಪ್ಪತ್ತೆಂಟು ಇತ್ತು. ಸಂಜೆ ಥೆರಪಿ ಕೊಡುವ ಜಿಮ್ಮಿನ ಮೂಲೆಯಲ್ಲಿ ಕೂತು ನೋಟ್ಸ್ ಟೈಪ್ ಮಾಡುತ್ತಿದ್ದಳು. ನಾನು ಅವಳ ಹತ್ತಿರ ಹೋಗಿ, "ಮೊದ್ಲು ಪಂಚ್ ಔಟ್ ಮಾಡು. ಟ್ಯಾಬ್ಲೆಟ್ ತಗೊಂಡು ಬಾ. ಕಾರಲ್ಲಿ ಕೂತು ಬರಿ" ಎಂದೆ.

"ಪಂಚ್ ಔಟ್ ಮಾಡಿದ್ರ ಆ ಟೈಮ್ ನಮ್ದಾಗ್ತೈತಲ್ರಿ."

"ಹೌದು. ನಿನ್ನ ಟೈಮ್ ನೀನು ಏನು ಬೇಕಾದ್ರೂ ಮಾಡ್ಕೋ. ನಂಬರ್ ಸರಿ ಇರುತ್ತೆ."

"ಎಲ್ಲಾರೂ ಹಿಂಗ ಮಾಡ್ತಾರೇನ್ರಿ?"

"ವೀಸಾ ಮೇಲಿರೋರೆಲ್ಲ" ಎಂದೆ.

ನನಗೆ ಇದನ್ನು ಕಲಿಸಿದ್ದು ಮನಿಲಾದಿಂದ ಬಂದಿದ್ದ ಒಬ್ಬಾಕೆ. ಅವಳಿಗೆ ಇನ್ಯಾರೋ. ಅದರಲ್ಲಿ ಅಪಾಯವಿದೆ ಎಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ. ಕೆಲಸ ಕದ್ದರೆ ತಪ್ಪು, ಗೊತ್ತು. ಕೆಲಸವನ್ನು ಪುಕ್ಕಟೆ ಮಾಡಿಕೊಟ್ಟರೆ ಅದು ಹೇಗೆ ತಪ್ಪಾಗುತ್ತದೆ? ಹೆಚ್ಚು ದುಡಿದವರನ್ನು ಯಾರೂ ಶಿಕ್ಷಿಸುವುದಿಲ್ಲ ಎಂದು ನಮ್ಮ ಮನೆಗಳಲ್ಲಿ ಕಲಿಸಿರುತ್ತಾರೆ. ಆ ಪಾಠವನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡೇ ನಾವು ನ್ಯೂವರ್ಕ್‌ನಲ್ಲಿ ಇಳಿದಿರುತ್ತೇವೆ. ಪ್ರತಿ ನೋಟ್‌ನ ಕೆಳಗೆ ಅದನ್ನು ಬರೆದ ಸಮಯ ಸಣ್ಣ ಬೂದು ಅಕ್ಷರದಲ್ಲಿ ದಾಖಲಾಗುತ್ತಿತ್ತು. ಅದನ್ನು ನಾನು ಏಳು ವರ್ಷ ನೋಡಿದ್ದೆ. ಓದಿರಲಿಲ್ಲ.

ಅಂದಿನಿಂದ ಸಂಜೆ ಪಾರ್ಕಿಂಗ್ ಲಾಟಿನಲ್ಲಿ ನನ್ನ ಕಾರಿನಲ್ಲಿ ಇಬ್ಬರೂ ಕೂತು ಬರೆಯುತ್ತಿದ್ದೆವು. ಚಳಿ ಬಂದ ಮೇಲೆ ಎಂಜಿನ್ ಆನ್ ಮಾಡಿ ಹೀಟರ್ ಹಾಕಿಕೊಳ್ಳುತ್ತಿದ್ದೆವು. ಅವಳು ಡಬ್ಬಿಯಲ್ಲಿ ಉಳಿದ ರೊಟ್ಟಿಗೆ ಶೇಂಗಾ ಚಟ್ನಿ ಸವರಿ ನನಗೆ ಅರ್ಧ ಕೊಡುತ್ತಿದ್ದಳು. ಅವಳ ನಂಬರ್ ತೊಂಬತ್ಮೂರಕ್ಕೆ ಏರಿತು. ಬೆಳಿಗ್ಗೆ ಮ್ಯಾನೇಜರ್ ಅವಳಿಗೆ ಚಪ್ಪಾಳೆ ತಟ್ಟಿಸಿದರು. ನಾನೂ ತಟ್ಟಿದೆ.

ಜನವರಿಯಲ್ಲಿ ಅದು ಕೆಟ್ಟಿತು.

ಕಾರಿಡಾರಿನ ಕೊನೆಯ ಕೋಣೆಯಲ್ಲಿ ಒಬ್ಬ ಮುದುಕರಿದ್ದರು. ನ್ಯೂಯಾರ್ಕ್‌ನಲ್ಲಿ ಸಬ್‌ವೇ ರೈಲು ಓಡಿಸಿ ನಿವೃತ್ತರಾದವರು. ಅವಳ ರೋಗಿ. ಅವಳು ಹೋದ ಕೂಡಲೇ ಗಡಿಯಾರ ನೋಡಿ ಎರಡು ನಿಮಿಷ ಲೇಟ್ ಎಂದು ಗದರುವುದು ಅವರ ಅಭ್ಯಾಸ. ಒಂದು ಸೋಮವಾರ ಅವರಿಗೆ ಜ್ವರ ಬಂದಿತ್ತು. ಅವಳು ಹೋದಾಗ ಕಣ್ಣು ತೆರೆಯಲಿಲ್ಲ. ಅವಳು ನಾಡಿ ನೋಡಿ, ನರ್ಸಿಗೆ ತಿಳಿಸಿ, ಟ್ಯಾಬ್ಲೆಟ್‌ನಲ್ಲಿ ಹೀಗೆ ಬರೆದಳು: ರೋಗಿಗೆ ಜ್ವರ, ಥೆರಪಿ ಕೊಡುವ ಸ್ಥಿತಿಯಲ್ಲಿಲ್ಲ, ಸೊನ್ನೆ ನಿಮಿಷ.

ಮ್ಯಾನೇಜರ್ ಅವಳನ್ನು ಜಿಮ್ಮಿನ ನಡುವೆಯೇ ನಿಲ್ಲಿಸಿಕೊಂಡರು. ಆ ಮುದುಕರಿಗೆ ಅಂದು ಮೂವತ್ತೆಂಟು ನಿಮಿಷ ನಿಗದಿಯಾಗಿತ್ತು. ಕಣ್ಣು ತೆರೆಯದಿದ್ದರೇನು, ಕಾಲನ್ನು ನೀನೇ ಹಿಡಿದು ಆಡಿಸಬಹುದಲ್ಲ, ಅದೂ ಥೆರಪಿಯೇ ಎಂದರು. ಅವರದು ತಗ್ಗಿದ, ಸಭ್ಯ ದನಿ. ಅವರು ದನಿ ಏರಿಸಿದ್ದನ್ನು ನಾನು ಎಂದೂ ಕೇಳಿಲ್ಲ.

"ಹಿ ಈಸ್ ಸಿಕ್" ಎಂದಳು ಅವಳು. "ಐ ವಿಲ್ ನಾಟ್ ರೈಟ್ ಇಟ್."

ಮ್ಯಾನೇಜರ್ ನನ್ನ ಕಡೆ ತಿರುಗಿ, ಆ ಕೋಣೆಯನ್ನು ನೀವು ತಗೊಳ್ಳಿ ಎಂದರು.

ನಾನು ಹೋದೆ. ಹೊದಿಕೆ ಸರಿಸಿ ಅವರ ಬಲಗಾಲನ್ನು ಹಿಮ್ಮಡಿಯ ಕೆಳಗೆ ಕೈ ಕೊಟ್ಟು ಎತ್ತಿದೆ. ಚರ್ಮ ಬಿಸಿಯಾಗಿತ್ತು. ಮಂಡಿ ಮಡಿಸಿದೆ, ಬಿಡಿಸಿದೆ. ಎಡಗಾಲನ್ನೂ ಹಾಗೆಯೇ. ಅವರು ಒಮ್ಮೆ ನರಳಿದರು. ಹನ್ನೊಂದು ನಿಮಿಷವಾದ ಮೇಲೆ ನಿಲ್ಲಿಸಿದೆ. ಗೋಡೆಯ ಗಡಿಯಾರ ನನ್ನ ಎದುರೇ ಇತ್ತು, ಆದ್ದರಿಂದ ಹನ್ನೊಂದು ಎಂದು ಖಚಿತವಾಗಿ ಹೇಳಬಲ್ಲೆ. ಮೂವತ್ತೆಂಟು ಎಂದು ಬರೆದೆ. ಮಾರನೆಯ ಬೆಳಿಗ್ಗೆ ಅವರನ್ನು ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಆಮೇಲೆ ಏನಾಯಿತೆಂದು ನನಗೆ ಗೊತ್ತಿಲ್ಲ. ಕೇಳಬಹುದಿತ್ತು, ಕೇಳಲಿಲ್ಲ.

ಆ ಸಂಜೆ ಕಾರಿನಲ್ಲಿ ಅವಳು, "ಎಷ್ಟ ಬರದ್ರಿ ಅಕ್ಕಾರ?" ಎಂದಳು.

"ಬರೆದೆ."

"ಎಷ್ಟಂತ ಕೇಳೀನ್ರಿ."

ನಾನು ಹೇಳಿದೆ. ಅವಳು ಅಂದು ರೊಟ್ಟಿಯ ಡಬ್ಬಿ ತೆಗೆಯಲಿಲ್ಲ.

ಅವಳು ಮತ್ತೆಯೂ ಸೊನ್ನೆ ಬರೆದಳು. ಮಲಗಿದವರಿಗೆ ಸೊನ್ನೆ, ವಾಂತಿ ಮಾಡಿಕೊಂಡವರಿಗೆ ಸೊನ್ನೆ, ಹತ್ತು ನಿಮಿಷಕ್ಕೆ ಸಾಕೆಂದವರಿಗೆ ಹತ್ತು. ನಂಬರ್ ಎಪ್ಪತ್ತೊಂದಕ್ಕೆ ಇಳಿಯಿತು, ಕಾರಿನಲ್ಲಿ ಕೂತು ನೋಟ್ಸ್ ಬರೆದರೂ. ಮೂರನೆಯ ವಾರ ಮೆಟುಚೆನ್‌ನಿಂದ ಫೋನ್ ಬಂತು. ನಾವು 287ರಲ್ಲಿದ್ದೆವು. ಅವಳು ಸ್ಪೀಕರ್ ಹಾಕಿದಳು.

ಏಜೆನ್ಸಿಯ ಯಜಮಾನರನ್ನು ನಾವೆಲ್ಲ ಸರ್ ಎನ್ನುತ್ತೇವೆ. ಬೆಂಗಳೂರಿನವರು, ಬಂದು ಮೂವತ್ತು ವರ್ಷವಾಗಿರಬೇಕು. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಮುಂದಿನ ಸಾಲು ಅವರಿಗೆ. ರಾಜ್ಯೋತ್ಸವದ ಊಟ ಅವರ ಲೆಕ್ಕದಲ್ಲಿ. ಮಕ್ಕಳು ಅವರ ಕಾಲು ಮುಟ್ಟುತ್ತವೆ.

"ಏನ್ ಮಗು, ಊಟ ಆಯ್ತಾ?" ಎಂದರು.

"ಆತ್ರಿ ಸರ್."

"ಚೆನ್ನಾಗಿ ಊಟ ಮಾಡು. ನಿಂಗೆ ಶಕ್ತಿ ಬೇಕು. ಅಲ್ಲಿ ಸತ್ಯಹರಿಶ್ಚಂದ್ರನ ಪಾರ್ಟ್ ಮಾಡ್ತಾ ಇದೀಯಂತೆ."

ಅವಳು ಫೋನನ್ನು ಡ್ಯಾಶ್‌ಬೋರ್ಡ್ ಮೇಲಿಟ್ಟಳು.

"ನಿನ್ನ ಹಾಗೆ ಬರೋಕೆ ಎಷ್ಟು ಜನ ರೆಡಿ ಇದಾರೆ ಗೊತ್ತಾ? ನಾನು ನಿನ್ನನ್ನ ಕರ್ಕೊಂಡು ಬಂದಿದೀನಿ. ನೀನಾಗಿ ಬಂದಿಲ್ಲ."

"ಪರೀಕ್ಷಾ ನಾನ ಬರದೀನ್ರಿ ಸರ್."

"ಒಳ್ಳೇದು" ಎಂದರು. "ಜಾಣೆ. ಕರ್ಕೊಂಡು ಬಂದೋನಿಗೆ ವಾಪಸ್ ಬಿಟ್ಟು ಬರೋಕೂ ಗೊತ್ತಿರುತ್ತೆ, ಅಷ್ಟು ನೆನಪಿಟ್ಕೊ." ಫೋನ್ ಇಟ್ಟರು.

"ಅಂವಗ ನಾ ಲಗೇಜ್ ಆಗೀನ್ರಿ" ಎಂದಳು ಅವಳು.

ಫೆಬ್ರವರಿಯ ಎರಡನೆಯ ಶುಕ್ರವಾರ ಅವಳನ್ನು ಮೆಟುಚೆನ್‌ಗೆ ಕರೆದರು. ಸೀನಿಯರ್ ಎಂದು ನನ್ನನ್ನೂ ಕರೆದರು. ರೈಲು ಸ್ಟೇಷನ್ನಿನ ಹತ್ತಿರ, ಒಬ್ಬ ಡೆಂಟಿಸ್ಟ್‌ನ ಕ್ಲಿನಿಕ್ಕಿನ ಮೇಲೆ ಅವರ ಆಫೀಸು. ಮೆಟ್ಟಿಲು ಹತ್ತುವಾಗ ಕೆಳಗಿನಿಂದ ಲವಂಗದ ಎಣ್ಣೆಯ ವಾಸನೆ ಬರುತ್ತದೆ. ನಾನು ಆ ಮೆಟ್ಟಿಲನ್ನು ವೀಸಾ ವಿಸ್ತರಣೆಗೆ, ಗ್ರೀನ್ ಕಾರ್ಡಿನ ಅರ್ಜಿಗೆ ಎಂದು ಹತ್ತಿದ್ದೆ. ಪ್ರತಿ ಸಲ ಮೈಸೂರ್ ಪಾಕ್ ತೆಗೆದುಕೊಂಡು ಹೋಗಿದ್ದೆ.

"ಬಾಮ್ಮ, ಕೂತ್ಕೊ. ಕಾಫಿ ಹೇಳ್ಲಾ?"

"ಬ್ಯಾಡ್ರಿ" ಎಂದಳು.

"ಬೇಡ ಅನ್ನೋದು ಬಿಟ್ಟು ಬೇರೆ ಮಾತು ಬರಲ್ವಾ ನಿಂಗೆ?" ಅವರು ನಕ್ಕರು. ಆಮೇಲೆ ಮೇಜಿನ ಮೇಲೆ ಒಂದಷ್ಟು ಹಾಳೆಗಳನ್ನು ಅವಳ ಕಡೆ ತಿರುಗಿಸಿಟ್ಟರು. ಪ್ರತಿ ಹಾಳೆಯಲ್ಲೂ ಕೆಲವು ಸಾಲುಗಳಿಗೆ ಹಳದಿ ಬಳಿದಿತ್ತು. ಬೂದು ಅಕ್ಷರಗಳು ಹಳದಿಯೊಳಗೆ ಸ್ಪಷ್ಟವಾಗಿ ಕಾಣುತ್ತಿದ್ದವು.

"ಇದೇನು?"

"ನಾ ಬರದಿದ್ದ ನೋಟ್ಸ್ ರೀ."

"ಯಾವಾಗ ಬರೆದಿದ್ದು?"

"ಕೆಲಸ ಮುಗದ ಮ್ಯಾಲ."

"ನೋಟ್ಸ್ ಬರೆಯೋದು ಕೆಲಸ ಅಲ್ವಾ?"

"ಕೆಲಸಾನ ರೀ. ಅದಕ್ಕ ನಾ ರೊಕ್ಕಾ ಕೇಳಿಲ್ಲ."

"ಕೇಳಿದ್ರೆ ತಪ್ಪಾಗ್ತಿರ್ಲಿಲ್ಲ ಮಗು. ಕೇಳದೇ ಇದ್ದದ್ದೇ ತಪ್ಪು. ಕೆಲಸ ಮಾಡ್ತಾ ಇದ್ದು ಮಾಡ್ತಿಲ್ಲ ಅಂತ ಮೆಷಿನ್‌ಗೆ ಹೇಳಿದೀಯ. ಈ ದೇಶದಲ್ಲಿ ಅದಕ್ಕೆ ಟೈಮ್‌ಕಾರ್ಡ್ ಫ್ರಾಡ್ ಅಂತಾರೆ. ನರ್ಸಿಂಗ್ ಹೋಮಿನೋರು ನಂಗೆ ಬರೆದು ಕಳಿಸಿದಾರೆ. ನಾನು ಥೆರಪಿ ಲೈಸೆನ್ಸ್ ಕೊಡೋ ಬೋರ್ಡ್‌ಗೆ ತಿಳಿಸದೇ ಇರೋಕೆ ಆಗಲ್ಲ, ನನ್ನ ಕರ್ತವ್ಯ."

ಅವಳು ಹಾಳೆಗಳನ್ನು ಒಂದೊಂದಾಗಿ ನೋಡಿದಳು. ಆ ಹಾಳೆಗಳಲ್ಲಿ ಅವಳೊಬ್ಬಳ ಹೆಸರೇ ಇತ್ತು. ಅದೇ ಸಮಯಕ್ಕೆ, ಅದೇ ಕಾರಿನಲ್ಲಿ, ಎರಡಡಿ ಪಕ್ಕದಲ್ಲಿ ಕೂತು ಬರೆದ ನನ್ನ ನೋಟ್ಸನ್ನು ಯಾರೂ ಪ್ರಿಂಟ್ ತೆಗೆದಿರಲಿಲ್ಲ. ಅವಳು ತಲೆ ಎತ್ತಿ ನನ್ನನ್ನು ನೋಡಲಿಲ್ಲ. ಅದನ್ನು ನಾನು ಗಮನಿಸಿದೆ. ನೋಡಿದ್ದರೆ ಸರ್‌ಗೆ ಅರ್ಥವಾಗಿಬಿಡುತ್ತಿತ್ತು.

ಸರ್ ತಮ್ಮ ಹಿಂದಿನ ಕಪಾಟಿನಿಂದ ಒಂದು ನೀಲಿ ಫೈಲು ತೆಗೆದು ಮೇಜಿನ ಮೇಲಿಟ್ಟು ಅದರ ಮೇಲೆ ಕೈ ಇಟ್ಟುಕೊಂಡರು. ಬೆನ್ನಿನ ಚೀಟಿಯಲ್ಲಿ ನನ್ನ ಹೆಸರಿತ್ತು.

"ನೀವು ಸೀನಿಯರ್. ನಿಮ್ಮನ್ನ ನಾನು ಜಾಸ್ತಿ ಕೇಳಲ್ಲ. ಅವಳಿಗೆ ಪಾಲಿಸಿ ಗೊತ್ತಿತ್ತೋ ಇಲ್ವೋ, ಅಷ್ಟು ಹೇಳಿ ಸಾಕು."

ಆಗ ನಾನು ಹೇಳಿದ ಮಾತನ್ನು ಒಂದಕ್ಷರ ಬದಲಿಸದೆ ಇಲ್ಲಿ ಬರೆಯುತ್ತೇನೆ.

"ಗೊತ್ತಿತ್ತು ಸರ್. ಹ್ಯಾಂಡ್‌ಬುಕ್‌ಗೆ ಸೈನ್ ಮಾಡಿದಾಳೆ."

ಅದು ನಿಜ. ಅವಳು ಸೈನ್ ಮಾಡಿದ್ದಳು, ನಾನೂ ಮಾಡಿದ್ದೆ. ಪಂಚ್ ಔಟ್ ಆದ ಮೇಲೆ ಕೆಲಸ ಮಾಡಕೂಡದು ಎಂದು ಅದರಲ್ಲಿತ್ತು. ತೊಂಬತ್ತೆರಡರ ನಂಬರ್ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಕಿಟಕಿಯಾಚೆ ಒಂದು ರೈಲು ಬಂದು ನಿಂತು ಹೊರಟಿತು. ಸರ್ ಅದು ಹೋಗುವವರೆಗೆ ಕಾದು ಹೇಳಿದರು: "ಇವತ್ತೇ ಕೊನೆ ದಿನ ಮಗು. ಕೆಲಸ ಹೋದ ಮೇಲೆ ಈ ದೇಶದಲ್ಲಿರೋಕೆ ಅರವತ್ತು ದಿನ ಇದೆ. ಅಷ್ಟರಲ್ಲಿ ಬೇರೆ ಯಾರಾದ್ರೂ ತಗೊಂಡ್ರೆ ನಂದೇನೂ ಅಭ್ಯಂತರ ಇಲ್ಲ. ಇಲ್ದಿದ್ರೆ ವಾಪಸ್ ಟಿಕೆಟ್ ನಾನೇ ಕೊಡಿಸ್ತೀನಿ. ಕಾನೂನು ಇದೆ, ನಾನು ಕಾನೂನು ಮೀರೋನಲ್ಲ."

ಹಿಂತಿರುಗುವಾಗ ಅವಳು ಹೇಳಿದ್ದು ಹೀಟರ್ ಸ್ವಲ್ಪ ಕಮ್ಮಿ ಮಾಡಿ ಎಂದು ಮಾತ್ರ. ಹಿಲ್ಸ್‌ಬರೋ ತಲುಪಿ ಅವಳ ಬೇಸ್‌ಮೆಂಟಿನ ಬಾಗಿಲ ಮುಂದೆ ನಿಲ್ಲಿಸಿದೆ. ಇಳಿದಳು. ಬಾಗಿಲು ಹಾಕುವ ಮೊದಲು ಬಗ್ಗಿ, "ನೀವು ಸುಳ್ಳ ಹೇಳಿಲ್ಲ ಬಿಡ್ರಿ" ಎಂದಳು.

ಒಂಬತ್ತನೆಯ ದಿನ ಅವಳು ನಮ್ಮ ಮನೆಗೆ ಬಂದಳು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಮಾತಾಡಿದಳು. ಹಿಲ್ಸ್‌ಬರೋದಲ್ಲೇ ಒಂದು ಚಿಕ್ಕ ಕ್ಲಿನಿಕ್‌ನವರು ಅವಳನ್ನು ತೆಗೆದುಕೊಳ್ಳಲು, ವೀಸಾ ಬದಲಿಸಿಕೊಳ್ಳಲು ಸಿದ್ಧರಿದ್ದರು. ಅಡ್ಡ ಬಂದದ್ದು ಏಜೆನ್ಸಿಯ ಪತ್ರ. ಫ್ರಾಡ್ ಎಂಬ ಪದವನ್ನು ಓದಿ ಕ್ಲಿನಿಕ್ಕಿನ ವಕೀಲರು ಹಿಂದೆ ಸರಿದಿದ್ದರು. ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುವ ಯಾರಾದರೂ, ಇದು ಎಲ್ಲರ ರೂಢಿ, ಇವಳಿಗೆ ಹೀಗೆ ಮಾಡಲು ಕಲಿಸಲಾಯಿತು ಎಂದು ಬರೆದುಕೊಟ್ಟರೆ ಸಾಕು ಎಂದಿದ್ದರು.

"ನಿಮ್ಮ ಬಿಟ್ರ ಯಾರೂ ಇಲ್ರಿ" ಎಂದಳು. "ನಾ ಮೆಟುಚೆನ್ನಿನ್ಯಾಗ ನಿಮ್ಮ ಹೆಸರ ಹೇಳಿಲ್ಲ. ನೀವ ಹೇಳ್ರಿ."

"ಬರೀತೀನಿ" ಎಂದೆ. "ಸ್ವಲ್ಪ ಯೋಚನೆ ಮಾಡಿ ಬರೀತೀನಿ."

"ಯೋಚನಿ ಏನ್ರಿ. ಆಗಿದ್ದ ಬರೀರಿ."

ಅಡುಗೆಮನೆಯಿಂದ ಗಂಡ ಎಲ್ಲ ಕೇಳಿಸಿಕೊಂಡಿದ್ದರು. ಅವಳು ಹೋದ ಮೇಲೆ, "ನಾನು ಬೇಡ ಅನ್ನಲ್ಲ" ಎಂದರು. "ಬರಿ. ಆದ್ರೆ ಸ್ಕೂಲ್ ಬಿಡಿಸಿ ಕರ್ಕೊಂಡು ಹೋಗೋ ದಿನ ಬಂದ್ರೆ, ಮಗಳಿಗೆ ನೀನೇ ಹೇಳು. ನಾನು ಹೇಳಲ್ಲ."

ನಾನು ಬರೆಯಲು ಕೂತೆ. ನೋಟ್ಸ್ ಬರೆದೂ ಬರೆದೂ ನನಗೆ ವೇಗವಾಗಿ ಬರೆಯುವುದು ಗೊತ್ತು. ಆದರೆ ಇದನ್ನು ಮೂರು ಸಾಲು ಬರೆದು ಅಳಿಸುತ್ತಿದ್ದೆ. 'ಅಲ್ಲಿ ಇಂಥ ರೂಢಿಯಿದೆ ಎಂದು ಕೇಳಿದ್ದೇನೆ' ಎಂದು ಒಂದು ಸಲ ಬರೆದೆ. 'ಕೆಲವರು ಹೀಗೆ ಮಾಡುತ್ತಾರೆ' ಎಂದು ಇನ್ನೊಂದು ಸಲ. ನಾನು ಎಂಬ ಪದವನ್ನು ಎಲ್ಲೂ ಇಡದೆ ಅದನ್ನು ಹೇಗೆ ಹೇಳುವುದೆಂದು ಹುಡುಕುತ್ತಿದ್ದೆ. ಅವಳು ವಾಕಿಂಗ್ ಹೋಗುವ ಹೊತ್ತಿಗೆ ನಾನು ಹೊರಗೆ ಬರುವುದನ್ನು ನಿಲ್ಲಿಸಿದೆ. ಅವಳ ಬೀದಿಯನ್ನು ಬಿಟ್ಟು ಬಳಸಿ ಡ್ರೈವ್ ಮಾಡತೊಡಗಿದೆ. ದಿನಕ್ಕೆ ಎರಡು ನಿಮಿಷ ಹೆಚ್ಚು ಬೇಕಾಗುತ್ತಿತ್ತು.

ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿಬಿದ್ದೆ. ನಾನು ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದೆ. ಅವಳು ಖಾಲಿ ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಯಾವಾಗ ಬಂದಳೋ.

"ಪತ್ರ ಆತೇನ್ರಿ?"

"ಬರೀತಾ ಇದೀನಿ."

"ಇವತ್ತಿಗೆ ಮೂವತ್ತೊಂದ ದಿನ. ಕಾರಿನ್ಯಾಗ ನೀವು ಎಂಟ ಮಂದೀದ ನೋಟ್ಸ್ ಅರ್ಧಾ ತಾಸಿನ್ಯಾಗ ಮುಗಸ್ತಿದ್ರಿ. ನಂದು ಒಂದ ನೋಟು."

ಬಿಲ್ಲಿಂಗ್ ಕೌಂಟರಿನ ಆಂಟಿ ನಮ್ಮ ಕಡೆ ನೋಡಿದರು. "ಇಲ್ಲಿ ಬೇಡ" ಎಂದೆ.

"ಎಲ್ಲಿ ಬೇಕ್ರಿ? ಮೆಟುಚೆನ್ನಿಗೆ ಹೋಗೂಣೇನು?" ಅವಳ ದನಿ ಏರಿರಲಿಲ್ಲ. "ನಾ ನಿಮಗ ಅಂಜಸಾಕ ಬಂದಿಲ್ಲ ಅಕ್ಕಾರ. ನನ್ನ ಹತ್ರ ನಿಮ್ಮ ಫೈಲ್ ಇಲ್ಲ. ಇದ್ದಿದ್ರ ಎಂದೋ ಬರೀತಿದ್ರಿ."

ನನಗೆ ಅವಳ ಮೇಲೆ ಸಿಟ್ಟು ಬಂತು. ಇದನ್ನೂ ಬರೆಯಬೇಕು. ಮ್ಯಾನೇಜರ್ ಮೇಲೆ, ಸರ್ ಮೇಲೆ ಬಾರದ ಸಿಟ್ಟು, ತನಗೆ ಸಲ್ಲಬೇಕಾದ್ದನ್ನು ಕೇಳುತ್ತಿದ್ದ ಹುಡುಗಿಯ ಮೇಲೆ ಬಂತು. ಅವಳು ಬಾರದೇ ಇದ್ದಿದ್ದರೆ, ಆ ಸೋಮವಾರ ಮೂವತ್ತೆಂಟು ಎಂದು ಬರೆದುಬಿಟ್ಟಿದ್ದರೆ, ಎಂದೆಲ್ಲ ಯೋಚಿಸಿಕೊಂಡು ಮನೆಗೆ ಬಂದೆ. ಕೊತ್ತಂಬರಿ ಸೊಪ್ಪನ್ನು ಅಂಗಡಿಯಲ್ಲೇ ಬಿಟ್ಟಿದ್ದೆ.

ಪತ್ರ ಮುಗಿದದ್ದು ಐವತ್ಮೂರನೆಯ ದಿನ, ಮಂಗಳವಾರ. ಅದನ್ನು ಮುಗಿಸುವಂತೆ ಮಾಡಿದ್ದು ದೊಡ್ಡ ಕಾರಣವೇನಲ್ಲ. ಅಂದು ಬೆಳಿಗ್ಗೆ ಮ್ಯಾನೇಜರ್ ನನ್ನ ನಂಬರ್ ಓದಿದರು. ತೊಂಬತ್ನಾಲ್ಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಾರಿನಲ್ಲಿ ಕೂತು ಒಂದೇ ಸಲಕ್ಕೆ ಬರೆದೆ. ಪಂಚ್ ಔಟ್ ಮಾಡಿ ನೋಟ್ಸ್ ಬರೆಯಲು ನಾನು ಕಲಿಸಿದೆ. ಇಂಥ ತಿಂಗಳ ಇಂಥ ಬುಧವಾರ. ನಾನೂ ಏಳು ವರ್ಷದಿಂದ ಹಾಗೇ ಮಾಡಿದ್ದೇನೆ, ನನ್ನ ನೋಟ್ಸ್‌ನ ಕೆಳಗಿನ ಸಮಯಗಳನ್ನು ನೋಡಬಹುದು. ತೊಂಬತ್ತೆರಡರ ನಂಬರ್ ಬಗ್ಗೆ ಬರೆದೆ. ಮುದುಕರ ಕೋಣೆಯ ಮೂವತ್ತೆಂಟು ನಿಮಿಷದ ಬಗ್ಗೆ ಬರೆಯಲಿಲ್ಲ. ಅದನ್ನು ಬರೆದರೆ ನನ್ನ ಲೈಸೆನ್ಸ್ ಹೋಗುತ್ತದೆ. ಆದ್ದರಿಂದ ಆ ಪತ್ರ ಪೂರ್ತಿ ಸತ್ಯವಲ್ಲ.

ಸಂಜೆ ಅವಳ ಬಾಗಿಲು ತಟ್ಟಿದೆ. ಒಳಗೆ ಎರಡು ಸೂಟ್‌ಕೇಸ್ ಬಾಯಿ ತೆರೆದು ಬಿದ್ದಿದ್ದವು. ಅವಳು ಪತ್ರವನ್ನು ನಿಂತೇ ಓದಿದಳು. ಎರಡು ಸಲ ಓದಿದಳು.

"ಚೊಲೋ ಬರದೀರಿ" ಎಂದಳು. "ಕ್ಲಿನಿಕ್‌ನವರು ಹೋದ ಶುಕ್ರವಾರತನಕ ಕಾಯ್ತೀವಿ ಅಂದಿದ್ರು. ಕಾದ್ರು. ಬ್ಯಾರೆಯವರನ್ನ ತಗೊಂಡ್ರು."

"ನಂಗೆ ಹೇಳ್ಬಹುದಿತ್ತು, ಶುಕ್ರವಾರ ಅಂತ."

"ಹೇಳಿದ್ರ ಗುರುವಾರ ಕೊಡ್ತಿದ್ರೇನ್ರಿ?"

ನಾನು ಪತ್ರಕ್ಕೆ ಕೈ ಚಾಚಿದೆ. ಏಕೆ ಚಾಚಿದೆನೋ ತಿಳಿಯದು. ಇನ್ನು ಅದರ ಉಪಯೋಗವಿಲ್ಲ ಎಂದುಕೊಂಡಿರಬೇಕು. ಅಥವಾ ಹಿಂದಕ್ಕೆ ಸಿಕ್ಕರೆ ಸಾಕು ಎಂದೂ ಇದ್ದಿರಬಹುದು. ಅವಳು ಅದನ್ನು ಮಡಿಸಿ ತನ್ನ ಕೈಚೀಲದಲ್ಲಿ ಹಾಕಿಕೊಂಡಳು.

"ಇದು ಇರ್ಲಿ. ಬೋರ್ಡಿಗೆ ಕಳಸ್ತೀನಿ. ಹೋಗೂದಂತೂ ಹೋಗ್ತೀನಿ, ಆದ್ರ ಕಳ್ಳಿ ಅನ್ನಿಸ್ಕೊಂಡು ಹೋಗಂಗಿಲ್ಲ."

ಐವತ್ತೆಂಟನೆಯ ದಿನ ಅವಳು ಹೋದಳು. ಏರ್‌ಪೋರ್ಟಿಗೆ ನಾನು ಬಿಡುತ್ತೇನೆ ಎಂದು ಮೆಸೇಜ್ ಮಾಡಿದ್ದೆ. ಟ್ಯಾಕ್ಸಿ ಹೇಳೀನ್ರಿ ಎಂದು ಉತ್ತರ ಬಂತು. ಟಿಕೆಟ್ಟನ್ನು ಸರ್ ಕೊಡಿಸಿದ್ದರು.

ಪತ್ರ ಬೋರ್ಡಿಗೆ ಹೋಯಿತು. ಬೋರ್ಡಿನಿಂದ ಮೆಟುಚೆನ್‌ಗೆ ಪ್ರಶ್ನೆಗಳು ಬಂದಿರಬೇಕು, ಏಕೆಂದರೆ ಮೇ ತಿಂಗಳಲ್ಲಿ ಸರ್ ನನಗೆ ಫೋನ್ ಮಾಡಿದರು.

"ಏನಮ್ಮ, ಲೇಖಕಿ ಆಗ್ಬಿಟ್ರಂತೆ."

ನಾನು ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದೆ.

"ಚೆನ್ನಾಗಿದೆ ಶೈಲಿ. ಸಂಘದ ಸಂಚಿಕೆಗೆ ಕೇಳ್ತೀನಿ ಇರಿ, ಒಂದು ಲೇಖನ ಕೊಡಿ." ಫೋನ್ ಇಡುವ ಮೊದಲು ಹೇಳಿದರು: "ನಿಮ್ಮ ವೀಸಾ ಎಕ್ಸ್‌ಟೆನ್ಶನ್ ಆಗಸ್ಟ್‌ಗೆ ಬರುತ್ತೆ ಅಲ್ವಾ. ನೋಡೋಣ."

ನೋಡೋಣ ಎನ್ನುವುದು ಎಷ್ಟು ಉದ್ದದ ಪದ ಎಂದು ಆ ದಿನದಿಂದ ಅಳೆಯುತ್ತಿದ್ದೇನೆ. ಅದನ್ನು ಮನೆಯಲ್ಲಿ ಹೇಳಿದೆ. ಗಂಡ ಪಾತ್ರೆ ತೊಳೆಯಲು ಹೋದರು. ಮಗಳು, "ಸೋ ಆರ್ ವಿ ಸ್ಟೇಯಿಂಗ್ ಆರ್ ನಾಟ್?" ಎಂದಳು. ಗೊತ್ತಿಲ್ಲ ಎಂದೆ. ಅದು ನಿಖರವಾದ ಉತ್ತರ.

ಜೂನ್‌ನಲ್ಲಿ ಅವಳಿಂದ ಒಂದು ಮೆಸೇಜ್ ಬಂತು. 'ಲೈಸೆನ್ಸ್ ಉಳೀತ್ರಿ.' ಅಷ್ಟೇ. ನಾನು ಉದ್ದದ ಉತ್ತರ ಬರೆದೆ. ಅವಳು ಓದಿದ್ದಾಳೆ ಎಂಬ ಗುರುತು ಬಂತು, ಮಾತು ಬರಲಿಲ್ಲ.

ಅವಳ ಜಾಗಕ್ಕೆ ಏಜೆನ್ಸಿ ಕಳೆದ ವಾರ ಇನ್ನೊಬ್ಬಳನ್ನು ಕಳಿಸಿದೆ. ದಾವಣಗೆರೆಯ ಕಡೆಯವಳು, ಸ್ವಂತ ಕಾರಿನಲ್ಲೇ ಬರುತ್ತಾಳೆ. ಈಗ ನಾನು ನೋಟ್ಸ್ ಮುಗಿಸಿ ಆಮೇಲೆ ಪಂಚ್ ಔಟ್ ಮಾಡುತ್ತೇನೆ. ನನ್ನ ನಂಬರ್ ಎಪ್ಪತ್ನಾಲ್ಕು. ಬೆಳಿಗ್ಗೆ ಅದನ್ನು ಓದುವಾಗ ಮ್ಯಾನೇಜರ್ ನನ್ನ ಮುಖ ನೋಡುವುದಿಲ್ಲ. ನಿನ್ನೆ ಸಂಜೆ ನಾನು ಜಿಮ್ಮಿನ ಮೂಲೆಯಲ್ಲಿ ಟೈಪ್ ಮಾಡುತ್ತಿದ್ದಾಗ ಈ ಹೊಸಬಳು ಬಂದು ಪಕ್ಕದಲ್ಲಿ ಕೂತಳು. ಅವಳದು ಎಪ್ಪತ್ತಾರು ಬಂದಿತ್ತು.

"ಆಂಟಿ, ಇಲ್ಲಿ ಎಲ್ರೂ ನೋಟ್ಸ್ ಯಾವಾಗ ಬರೀತಾರೆ?"

"ಪಂಚ್ ಔಟ್ ಮಾಡೋಕೆ ಮುಂಚೆ ಬರಿ" ಎಂದೆ.

"ನಂಬರ್ ಬೀಳುತ್ತಲ್ಲ."

"ಬೀಳುತ್ತೆ."

ಅವಳು ನನ್ನ ಸ್ಕ್ರೀನನ್ನೂ ನನ್ನನ್ನೂ ನೋಡಿದಳು. ಪಂಚ್ ಔಟ್ ಮಾಡಿ ಕಾರಿನಲ್ಲಿ ಕೂತು ಬರೆಯಬಹುದು ಎಂದು ಅವಳಿಗೆ ಆಗಲೇ ಯಾರೋ ಹೇಳಿದ್ದರು, ಅವಳ ಮುಖದಲ್ಲೇ ಅದು ಗೊತ್ತಾಗುತ್ತಿತ್ತು. ಹೊಸಬಳನ್ನು ಕೆಡಿಸುವ ಮುದುಕಿಯನ್ನು ನೋಡುವಂತೆ ನೋಡುತ್ತಿದ್ದಳು.

"ನಿಮ್ಮ ಗ್ರೀನ್ ಕಾರ್ಡ್ ಆಗಿರ್ಬೇಕು ಆಂಟಿ" ಎಂದಳು. "ಅದಕ್ಕೇ ಹೀಗೆ ಹೇಳ್ತೀರ."

"ಆಗಿಲ್ಲ" ಎಂದೆ.

ಅವಳು ಎದ್ದು ಹೋಗಿ ಪಂಚ್ ಔಟ್ ಮಾಡಿದಳು. ಟ್ಯಾಬ್ಲೆಟ್ ಅವಳ ಬ್ಯಾಗಿನಲ್ಲಿತ್ತು. ಕಿಟಕಿಯಿಂದ ಪಾರ್ಕಿಂಗ್ ಲಾಟ್ ಕಾಣುತ್ತದೆ. ಅವಳು ಕಾರಿನಲ್ಲಿ ಕೂತು ಟ್ಯಾಬ್ಲೆಟ್ ತೆಗೆದಳು. ನಾನು ನನ್ನ ಕೊನೆಯ ನೋಟ್ ಅಲ್ಲಿಗೇ ನಿಲ್ಲಿಸಿ, ಬ್ಯಾಗು ತೆಗೆದುಕೊಳ್ಳದೆ, ಪಂಚ್ ಔಟ್ ಮಾಡದೆ, ಅವಳ ಕಾರಿನ ಕಿಟಕಿ ತಟ್ಟಲು ಹೊರಗೆ ಹೋದೆ.